ಮಸಿ

ಮಡಗಾಸ್ಕರದ ಪಡುವಣ ದಂಡೆ. ಇಳಿತದ ಹೊತ್ತು.
ಹವಳದ ದಿಬ್ಬಕ್ಕೆ ಮೂರು ತಿಂಗಳ ಬೀಗ.
ಬೀಗವೆಂದರೆ ಒಂದು ಕೋಲು, ಹಳೆಯ ಹಾಯಿಯ ತುಂಡು.

ಊರ ಸಭೆಯಲ್ಲಿ ಮೊದಲು ಕೈಯೆತ್ತಿದವಳು ನಾನೇ, ಜಾಫಿಸೂವ.
ಆಕ್ಟೋಪಸ್ ಬಲಿಯಲಿ, ತತ್ತಿಯಿಡಲಿ ಅಂದೆ.
ದಂಡದ ಪುಸ್ತಕ ನನ್ನ ಮಡಿಲಿಗೇ ಬಿತ್ತು.

ಅವತ್ತು ಮನೆಯಲ್ಲಿ ಅಕ್ಕಿ ಇತ್ತು.

ಈಗ ಮರಗೆಣಸಿನ ಗಡಿಗೆಯ ತಳ ಕೆರೆವ ಸದ್ದು.
ಮೊಳೆಗೆ ನೇತುಬಿದ್ದ ಈಟಿ, ತುದಿಗೆ ತುಕ್ಕು.
ಇನ್ನು ಹತ್ತೊಂಬತ್ತು ದಿನ.

ನಿನ್ನೆ ಮಗ ತಡವಾಗಿ ಬಂದ.
ಬೆಳಗಾಗುವಾಗ ಈಟಿಯ ತುಕ್ಕು ಉದುರಿತ್ತು.
ಕೈ ತೊಳೆದಿದ್ದ; ಉಗುರಸಂದಿಯಲ್ಲಷ್ಟೇ
ಉಳಿದಿತ್ತು ಮಸಿ.
ರಾತ್ರಿ ಬೆಂದದ್ದನ್ನು ಉಂಡು ಕಿರಿಯವಳು
ಎಷ್ಟೋ ದಿನದ ಮೇಲೆ ಅಳದೆ ಮಲಗಿದ್ದಳು.
ನಾನೂ ಉಂಡೆ. ಹೇಳಲೇಬೇಕು, ರುಚಿಯಿತ್ತು.

ಪುಸ್ತಕ ಬಿಚ್ಚಿದೆ. ಅವನ ಹೆಸರು ಬರೆದೆ.
ತೂಕ: ಅರ್ಧ ಕಿಲೋ, ಇನ್ನೂ ಕೂಸು.
ತಿಂದವರು: ನಾನು.
ದಂಡ ಒಂದು ಕೋಳಿ. ಕೋಳಿ ಇಲ್ಲ. ಸಾಲ.

"ಅಮ್ಮಾ, ಊರೆದುರು ನನ್ನ ಮುಖಕ್ಕೆ ಮಸಿ ಬಳಿದೆ."

ಬಳಿದದ್ದು ನಾನಲ್ಲ ಮಗನೇ.
ತಪ್ಪಿಸಿಕೊಳ್ಳಲು ಅದು ಚೆಲ್ಲಿದ್ದು,
ತನ್ನ ಬಳಿಯಿದ್ದದ್ದೆಲ್ಲ.

ಇವತ್ತಿಗೆ ಹದಿನೆಂಟು.