ಅಡಿಟಿಪ್ಪಣಿ

ಅಪ್ಪಾ ಬಳವಂತ ಚೌಕದ ಹಿಂದೆ, ವಾಡೆಯ ಮೆಟ್ಟಿಲ ಕೆಳಗೆ
ನನ್ನ ಬೈಂಡಿಂಗ್ ಮೇಜು.
ಗೈಡು, ಪಂಚಾಂಗ, ಲೆಕ್ಕದ ವಹಿ, ಯಾರದೋ ಪಿಎಚ್‌ಡಿ,
ಎಲ್ಲದರ ಬೆನ್ನೂ ಒಂದು ದಿನ ಮುರಿಯುತ್ತದೆ.
ಎಲ್ಲಕ್ಕೂ ಒಂದೇ ಅಂಟು,
ಮೈದಾಕ್ಕೆ ಚಿಟಿಕೆ ಮೈಲುತುತ್ತ.

ಶುಕ್ರವಾರ ಖಡಕಿಯ ಕನ್ನಡ ಸಭೆಯಿಂದ
ಪಾಸ್ಟರ್ ಸುಗಂಧರಾಜ ಎರಡು ಗ್ರಂಥ ತಂದಿಟ್ಟರು.
ವೇದಿಕೆಯ ಹಳೆಯದು, ಗೆದ್ದಲು ಬೆನ್ನು ತಿಂದದ್ದು;
ಹೊಸ ಮುದ್ರಣದ್ದು, ಹೊಲಿಗೆಯಿಲ್ಲದೆ ಅಂಟಿಸಿ
ಎರಡೇ ವರ್ಷಕ್ಕೆ ಹಾಳೆ ಉದುರಿದ್ದು.
“ಈಸ್ಟರಿನೊಳಗೆ ಆದೀತಾ, ದೊರ್ಕಮ್ಮ?”

ಬಿಚ್ಚುವಾಗ ಓದಬಾರದು, ಕಲಿಸಿದ್ದರು ಗೋಡಬೋಲೆ ಮಾಸ್ತರರು,
ಓದಿದವರ ಕೈ ನಿಲ್ಲುತ್ತದೆ, ಅಂಟು ಒಣಗುತ್ತದೆ.
ಆದರೂ ಹಳೆಯದರಲ್ಲಿ, ಮುದಿ ಶಿಷ್ಯನ ಪತ್ರದಲ್ಲಿ
ಕೆಂಪು ಪೆನ್ಸಿಲ್ಲಿನ ಗೆರೆ.
ಮದ್ದಿನ ಕಾರ್ಖಾನೆಯ ಪೆಟ್ಟಿಗೆಗಳಿಗೆ ನಂಬರು ಹಾಕುವ ಪೆನ್ಸಿಲ್ಲು.
ಅಪ್ಪನದು. ಆ ಕಾಲಕ್ಕೆ ಪಾಠ ಓದುತ್ತಿದ್ದವ ಅವನೇ.

ಮೇಲೆ ಮೂವರು ಸಾಕ್ಷಿಗಳು, ಆ ಮೂವರೂ ಒಂದೇ ಎನ್ನುವ ಸಾಲು.
ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ, ಗಾಳದ ಹಾಗೆ.
ಅದಕ್ಕೆ ಸಿಕ್ಕಿಕೊಂಡು ಅಪ್ಪನಿಗೆ
ಹನ್ನೊಂದು ವರ್ಷ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ.

ಗಂಡಸರ ಸಾಲಿನಿಂದೆದ್ದು ಕೇಳಿದ್ದ:
“ತೋಟದಾಗ ನೆಲಕ್ಕ ಮುಖ ಹಚ್ಚಿ ಬೇಡಿದನಲ್ಲ,
ಯಾರನ್ನ ಬೇಡಿದ? ತನ್ನನ್ನ ತಾನ?
ಆ ಗಳಿಗಿ ಅಪ್ಪಗ ಗೊತ್ತು, ನನಗಿಲ್ಲ ಅಂದನಲ್ಲ,
ಗೊತ್ತಿದ್ದವ, ಗೊತ್ತಿಲ್ಲದವ ಒಬ್ಬರ ಹ್ಯಾಂಗ?”

ಹಿರಿಯರು ಬಿಲ್ವಪತ್ರೆ ತೋರಿಸಿದರು, ಮೂರು ದಳ, ಒಂದು ತೊಟ್ಟು.
“ಅದನ್ನ ಬಾಜೂ ಮನಿ ಜಂಗಮರೂ ತೋರಿಸ್ತಾರ.”
ಮೂರು ಗುಂಡು, ಒಂದೇ ಒಲೆ ಎಂದರು.
“ಗುಂಡು ಉರಿಯೂದಿಲ್ರಿ.”
ಬರಫು, ನೀರು, ಹಬೆ ಎಂದರು.
“ಯೊರ್ದಾನಿನಾಗ ಒಬ್ಬ ನಿಂತಾನ, ಮ್ಯಾಲಿಂದ ದನಿ,
ನಡುವ ಪಾರಿವಾಳ. ಮೂರೂ ಒಮ್ಮಿಗೇ.
ಒಂದ ನೀರು ಒಮ್ಮಿಗೇ ಬರಫೂ ಹಬೆಯೂ ಆದೀತೇನು?”
ಆಗ ಅವನನ್ನು ಕೂರಿಸಿದರು.

ಹೊಸದನ್ನು ತೆರೆದೆ. ಅದೇ ಪತ್ರ, ಅದೇ ಅಧ್ಯಾಯ.
ಸಾಲು ಇಲ್ಲ.
ಹಾಳೆ ಹರಿದಿಲ್ಲ. ಏನೂ ಆಗೇ ಇಲ್ಲ ಎನ್ನುವಂತೆ
ಅಕ್ಕಪಕ್ಕದ ವಾಕ್ಯಗಳು ಭುಜ ತಾಗಿಸಿ ನಿಂತಿವೆ.
ಪುಟದ ತಳದಲ್ಲಿ ಇರುವೆಯಷ್ಟು ಅಕ್ಷರ:
ಬಹು ಹಳೆಯ ಪ್ರತಿಗಳಲ್ಲಿ ಇದಿಲ್ಲವಂತೆ.

ಪಾಸ್ಟರಿಗೆ ಫೋನು ಹಚ್ಚಿದೆ. ಒಳ್ಳೆಯ ಹುಡುಗ, ಗ್ರೀಕು ಓದಿದವ.
“ಹೌದು. ಯಾರೋ ಅಂಚಿನಲ್ಲಿ ಬರೆದುಕೊಂಡದ್ದು
ಮುಂದಿನವರ ಕೈಯಲ್ಲಿ ಒಳಗೆ ನುಸುಳಿತು ಅನ್ನುತ್ತಾರೆ.
ಆದರೆ ದೊರ್ಕಮ್ಮ, ತತ್ವ ಆ ಒಂದು ಸಾಲಿನ ಮೇಲೆ ನಿಂತಿಲ್ಲ.”

“ನಿಂತಿರಲಿಕ್ಕಿಲ್ಲ, ಅಯ್ಯಾ.
ನಮ್ಮಪ್ಪನ ಹನ್ನೊಂದು ವರ್ಷ ನಿಂತಿದ್ದವು.”

ಆ ಕಡೆ ಲೋಣಾವಳಾ ಲೋಕಲ್ ಹಾಯುವ ಸದ್ದು.
ಅದು ಹೋದ ಮೇಲೂ ಅವರು ಮಾತಾಡಲಿಲ್ಲ.

ವಾರವಿಡೀ ಹೊಲಿದೆ, ಮಾಸ್ತರರ ಮಾತು ಮೀರಿ ಓದಿದೆ.
ತ್ರಯೈಕ್ಯವೆಂಬ ಪದ
ಯಾವ ಮಡಿಕೆಯಲ್ಲೂ ಸೂಜಿಗೆ ತಾಗಲಿಲ್ಲ.
ಆದರೆ ಗಾಯ ಮುಟ್ಟದೆ ನಂಬೆನೆಂದ ಆ ಶಿಷ್ಯ
ಎದುರಿಗಿದ್ದವನನ್ನು ದೇವರೆಂದೇ ಕೂಗಿದ್ದು ತಾಗಿತು.
ಕೂಗಿಸಿಕೊಂಡವನು ಅವನನ್ನು ತಿದ್ದಲಿಲ್ಲ.
ಅಲ್ಲಿ ಅಪ್ಪ ಗೆರೆ ಎಳೆದಿರಲಿಲ್ಲ.
ಯಾಕೆಂದು ಕೇಳಬೇಕಿತ್ತು.

ಕೊನೆಯ ಮಡಿಕೆಗೆ ದಬ್ಬಳ ಚುಚ್ಚುವಾಗ
ಮೂರು ತೂತು, ಒಂದೇ ನೂಲು,
ಹೋಲಿಕೆ ತಾನಾಗಿ ನಾಲಿಗೆಗೆ ಬಂತು.
ಹಿಂದೆಯೇ ಅವನ ದನಿ:
“ತೂತು ಅಂದ್ರ ಇಲ್ಲದ್ದವಾ, ದೊರ್ಕಾ.”
ನಕ್ಕೆ. ನೂಲಿಗೆ ಮೇಣ ಸವರಿದೆ.

ಮಶೀನಿಗೆ ಕೊಟ್ಟು ಅಂಚು ಸಮ ಮಾಡಬೇಕು.
ಅಳತೆಪಟ್ಟಿ ಇಟ್ಟು ನೋಡಿದೆ:
ಸಮ ಮಾಡಿದರೆ ಪ್ರಶ್ನೆ ಚಿಹ್ನೆ ಕಸದಬುಟ್ಟಿಗೆ.
ಹಾಗೇ ಬಿಟ್ಟೆ.

ಈಸ್ಟರಿಗೆ ವೇದಿಕೆ ಏರಿದೆ ಗ್ರಂಥ,
ಬೆನ್ನು ಗಟ್ಟಿ, ಅಂಚು ಸೊಟ್ಟ.
ಕೂಲಿಯಲ್ಲಿ ಐವತ್ತು ರೂಪಾಯಿ ಮುರಿದುಕೊಳ್ಳಿ ಎಂದಿದ್ದೇನೆ.