ಎರಡನೇ ಗೇರ್ ಕಡ್ಡಿ

ಶಾರ್ಜಾದ ಹರಾಜ್ ಸೂಕಿನಲ್ಲಿ ಹರಾಜಿನ ಕೂಗಿಲ್ಲ.
ಬಲೂಚಿ ಹುಡುಗ ಹಳೆ ಜಿಮ್ನಿಯ ಬಾನೆಟ್ ಎತ್ತಿ
ಸುಮ್ಮನೆ ನಿಂತ.
ಐರಿನ್ ಹಿಂದಿನ ಸೀಟಲ್ಲಿ ಕೂತು ನೋಡಿದಳು,
ಮೊಣಕಾಲು ಗದ್ದಕ್ಕೆ.
"ಅಕ್ಕಿ ಮೂಟೆ ಇಟ್ರೆ ಮಗು ಎಲ್ಲಿ?"

ನೂರು ದಾಟಿದರೆ ನಡುಗುತ್ತದಂತೆ,
ರಸ್ತೆಯುಬ್ಬಿಗೊಮ್ಮೆ ಬೆನ್ನೆಲುಬು ಎಣಿಸುತ್ತದಂತೆ.
ಗೊತ್ತು. ನಾನೇನು ದಿಬ್ಬ ಹತ್ತುವವನಲ್ಲ,
ಟೈಲ್ಸ್ ಅಂಗಡಿಯಲ್ಲಿ ಬಿಲ್ಲು ಬರೆಯುವವನು.
ಆದರೂ ಆ ಕುಳ್ಳ ಕಡ್ಡಿ ಹಿಡಿದಾಗ
ಅಂಗೈಗೆ ಏನೋ ಅಂದಿತು.
ಸೀಟಿನ ಸಂದಿಯಲ್ಲಿ
ಯಾರದೋ ಶುಕ್ರವಾರದ ಮರಳು.

"ಎಲ್ಲಿಗೆ ಮಾರಾಯ್ರೆ, ದಿನಾ ಇದ್ರಲ್ಲಿ?"

ನಮ್ಮ ಬಿಲ್ಡಿಂಗಿನ ಹಿಂದಕ್ಕೆ, ಐರಿನ್.
ಖಾಲಿ ಸೈಟು, ಪುಕ್ಕಟೆ ಪಾರ್ಕಿಂಗು,
ನಮ್ಮ ಸನ್ನಿ ತಿಂಗಳಿಗೆರಡು ಸಲ ಹೂತು
ಪಠಾಣನ ಹಗ್ಗಕ್ಕೆ ಕಾಯುವ ಜಾಗ.

ನಕ್ಕಳೋ, ಸೆಖೆಗೆ ಮುಖ ಹಿಂಡಿದಳೋ.
"ಎಸಿ ಹಾಕಿಸಿ ಮೊದಲು.
ಆಮೇಲೆ ಹದಿನೆಂಟಕ್ಕೆ ಕೇಳಿ."