ಗಸಗಸೆಯ ಖುಲಾಸೆ

ಮೂವತ್ತೊಂದು ವರ್ಷ ನಾನು ಜೇಬು ಹೊಲಿದವಳು,
ವೂಚ್ ನಗರದ ಕೋಟಿನ ಕಾರ್ಖಾನೆಯಲ್ಲಿ.
ಬರೀ ಜೇಬು. ತೋಳು ಬೇರೆಯವರದು, ಕಾಲರು ಬೇರೆಯವರದು.
ಹಾಗಾಗಿ ಆಸ್ಪತ್ರೆಯ ಪರದೆಯ ಮೇಲೆ
ಗಂಡನ ದೊಡ್ಡ ಕರುಳು ತೋರಿಸಿ
'ನೋಡಿ, ಗೋಡೆ ಸಡಿಲಾಗಿ ಹೊರಕ್ಕೆ ಉಬ್ಬಿದ
ಪುಟ್ಟ ಪುಟ್ಟ ಚೀಲ' ಎಂದಾಗ
ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.
ಬಟ್ಟೆ ಹಳತಾದರೆ ಹಾಗೇ.
ಯಾರೂ ಅಳತೆ ಕೊಡದೆ, ಯಾರೂ ಹೊಲಿಯದೆ
ಇವನೊಳಗೆ ಹದಿನಾಲ್ಕು ಜೇಬು.

ಅದರಲ್ಲೊಂದು ಬಾತು ಕೆಂಪಾಗಿ
ಎಡಗಡೆ ಕೆಳಹೊಟ್ಟೆ ಮುಟ್ಟಿದರೆ ಕೂಗುತ್ತಿದ್ದ
ಲುಬೊಮಿರ್, ಟ್ರ್ಯಾಮ್ ಓಡಿಸುತ್ತಿದ್ದವನು,
ಹಲ್ಲು ಕೀಳಿಸಿಕೊಂಡಾಗಲೂ ಮುಲುಗದವನು.

ಆಗಿನ ಡಾಕ್ಟರು ವಿಲ್ಚೆಕ್ ಬೆರಳೆತ್ತಿದರು:
ಬೀಜ ಬೇಡ. ಯಾವ ಬೀಜವೂ ಬೇಡ.
ಚೀಲಕ್ಕೆ ಬಿದ್ದರೆ ಅಲ್ಲೇ ಕೂತು ಕಿಡಿ ಹೊತ್ತಿಸುತ್ತದೆ.
ನಂಬಿದೆ. ಜೇಬಿಗೆ ಬಿದ್ದದ್ದು ಮೂಲೆ ಸೇರುವುದು
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಂದಿನಿಂದ ಹತ್ತೊಂಬತ್ತು ವರ್ಷ
ಟೊಮೆಟೊ ಸೀಳಿ ಬೆರಳಲ್ಲಿ ಬಳಿದೆ,
ಸೌತೆಯ ಹೊಟ್ಟೆ ಚಮಚದಲ್ಲಿ ಕೆರೆದೆ,
ರಾಸ್ಪ್‌ಬೆರಿ ಜಾಮು ತೆಳುಬಟ್ಟೆಯಲ್ಲಿ ಹಿಂಡಿ ಹಿಂಡಿ
ಜುಲೈ ಪೂರ್ತಿ ನನ್ನದು ಕೊಲೆ ಮಾಡಿ ಬಂದ ಕೈ.
ಬ್ರೆಡ್ಡಿನ ಮೇಲಿನ ಎಳ್ಳು ಒಂದೊಂದೇ ಕಿತ್ತು
ಕಿಟಕಿಯ ಗುಬ್ಬಿಗೆ. ಗುಬ್ಬಿ ಕೊಬ್ಬಿತು.
ಕ್ರಿಸ್‌ಮಸ್ ಹಿಂದಿನ ರಾತ್ರಿ ಊರೆಲ್ಲ
ಗಸಗಸೆ ಅರೆದು, ಜೇನು ಕಲಸಿ, ಸುರುಳಿ ಸುತ್ತಿ ಬೇಯಿಸುವಾಗ
ನನ್ನ ಸುರುಳಿಯೊಳಗೆ ಸೇಬಿನ ಗೊಜ್ಜು.
ನಾದಿನಿ ತೆಕ್ಲಾ ಮೂಗು ಮುರಿದು ನುಂಗುವಳು.

ಬೀಜ ಬಿಟ್ಟೆವು, ನಿಜ. ಮಿಕ್ಕಿದ್ದು?
ಬೆಳ್ಳಗಿನ ಬನ್ನು, ದಿನಾ ಸಾಸೇಜು, ನೀರೆಂದರೆ ಅಲರ್ಜಿ,
ಡ್ರೈವರ್ ಸೀಟಲ್ಲಿ ಎಂಟು ಗಂಟೆ, ಸೋಫಾದಲ್ಲಿ ನಾಲ್ಕು.
ಅದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.
ಮೂರು ಸಲ ಮತ್ತೆ ಕೆರಳಿತು.
ಮೂರು ಸಲವೂ ನಾನು ನಿದ್ದೆಗೆಟ್ಟು ಹುಡುಕಿದೆ:
ಯಾವ ಬೀಜ ನನ್ನ ಕಣ್ಣು ತಪ್ಪಿಸಿತು?

ಈ ಅಕ್ಟೋಬರಿನದು ನಾಲ್ಕನೆಯದು.
ಹೊಸ ಡಾಕ್ಟರು ಕಲಿನಾ, ಉಗುರಿಗೆ ನೀಲಿ ಬಣ್ಣ.
ಮೊದಲೆರಡು ದಿನ ಸೋಸಿದ ಸಾರು, ತೆಳು ಚಹಾ;
ಆಮೇಲೆ ಬಿಳಿ ಅನ್ನ, ಬೆಂದ ಕ್ಯಾರೆಟ್ಟು;
ನೋವು ಪೂರ್ತಿ ಇಳಿದ ಮೇಲೆ, ಅವಸರವಿಲ್ಲದೆ,
ಓಟ್ಸು, ರೈ ಹಿಟ್ಟಿನ ಕಪ್ಪು ಬ್ರೆಡ್ಡು, ಬೀನ್ಸು, ಸಿಪ್ಪೆ ಸಮೇತ ಸೇಬು.
'ನಾರು ಬೇಕು. ನಾರಿಗೆ ನೀರು ಬೇಕು. ದಿನಾ ನಡೀಬೇಕು.'
'ಮತ್ತೆ ಬೀಜ?' ಎಂದೆ.
'ಬೀಜಕ್ಕೇನಂತೆ? ತಿನ್ನಲಿ.
ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಿದ್ದಾರೆ,
ಬೀಜದ ಮೇಲಿನ ದೂರು ಯಾವತ್ತೋ ಬಿದ್ದುಹೋಯಿತು.'

ಮನೆಗೆ ಹನ್ನೊಂದು ನಿಲ್ದಾಣ.
ನಾನು ಟೊಮೆಟೊ ಎಣಿಸುತ್ತ ಕೂತೆ.
ಬಾಗಿಲು ತೆಗೆದವಳೇ ಆ ಬಟ್ಟೆ ಹುಡುಕಿ,
ಹತ್ತೊಂಬತ್ತು ಬೇಸಿಗೆಯ ಕೆಂಪು ಕುಡಿದ ಆ ಬಟ್ಟೆ,
ಅವನ ಮುಖಕ್ಕೆ ಎಸೆದೆ.
ಅವನದೇನು ತಪ್ಪು? ಯಾರ ಮುಖಕ್ಕಾದರೂ ಎಸೆಯಬೇಕಿತ್ತು.
ಅವನು ಅದನ್ನು ನಾಲ್ಕಾಗಿ ಮಡಿಸಿ
ಅಂಗಿಯ ಜೇಬಿಗಿಟ್ಟುಕೊಂಡ.

ಡಿಸೆಂಬರ್ ಇಪ್ಪತ್ತನಾಲ್ಕು. ಮೇಜಿನ ಮೇಲೆ ಗಸಗಸೆ ಸುರುಳಿ,
ಕೊಯ್ದರೆ ಒಳಗೆ ಕಪ್ಪು, ಮಿರಿಮಿರಿ.
ಹಿಮ ಕಟ್ಟಿದ ಹಳಿಯ ಮೇಲೆ ಟ್ರ್ಯಾಮ್ ನಿಲ್ಲಿಸಿದ ಕೈ
ಒಂದು ತುಂಡು ಹಿಡಿದು ನಡುಗಿತು.
ಖುಲಾಸೆಯ ಸುದ್ದಿ ಕಿವಿಗೆ ತಲುಪಿದೆ,
ನಾಲಗೆಗಿನ್ನೂ ತಲುಪಿಲ್ಲ.
'ತಿನ್ನೋ' ಎಂದಳು ತೆಕ್ಲಾ, ಬಾಯಿ ತುಂಬಿಕೊಂಡೇ.
ತಿಂದ. ರಾತ್ರಿಯಿಡೀ ಹಲ್ಲಿನ ಸಂದಿಯಲ್ಲಿ
ಚುಕ್ಕಿ ಚುಕ್ಕಿ ನಗು.

ವಿಲ್ಚೆಕ್ ತೀರಿಕೊಂಡು ಒಂಬತ್ತು ವರ್ಷ.
ಅವರ ಕಾಲಕ್ಕೆ ಅವರಿಗೆ ಗೊತ್ತಿದ್ದಷ್ಟು.
ಇರಲಿ, ಹೊಟ್ಟೆಗೆ ಹಾಕಿಕೊಂಡೆವು,
ಎರಡೆರಡು ತುಂಡು, ಮೇಲೊಂದು ಲೋಟ ನೀರು.

ಬೆಳಿಗ್ಗೆ ಗುಬ್ಬಿ ಬಂದು ಗಾಜು ಕುಟ್ಟಿತು.
ಅದಕ್ಕೆ ಏನು ಹೇಳುವುದೋ.